ಲೆಕ್ಕ ನಿಂತ ಜಾಗ

ಹೊಸದಾಗಿ ಈ ಕೆಲಸಕ್ಕೆ ಸೇರಿದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ‘ಯಾವ ಸಾಫ್ಟ್‌ವೇರ್ ಕಲಿಯಬೇಕು ಮ್ಯಾಮ್?’ ನಾನು ಕಲಿತವೆಲ್ಲ ಈಗ ಗುಜರಿ ಸೇರಿವೆ, ಹಾಗಾಗಿ ಉತ್ತರ ಗೊತ್ತಿಲ್ಲ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂದು ಬರೆಯಹೊರಟರೆ ನನಗೇ ನಿದ್ದೆ ಬರುತ್ತದೆ. ಕೆಲಸ ನಿಜವಾಗಿ ಹೇಗಿತ್ತು, ಎಲ್ಲೆಲ್ಲಿ ಎಡವಿದೆ, ಯಾರು ಬೈದರು, ಯಾರನ್ನು ನಾನು ನೋಯಿಸಿದೆ ಎಂಬುದಷ್ಟೇ ಇಲ್ಲಿದೆ. ಆ ಕೊನೆಯದಕ್ಕಾಗಿಯೇ ಬರೆಯಲು ಕೂತೆ ಎಂದರೂ ತಪ್ಪಿಲ್ಲ.

ನಮ್ಮ ಕಚೇರಿ ಮುಂಬಯಿ ಪಕ್ಕದ ರಬಾಳೆಯಲ್ಲಿ, ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಮೇಲಿನ ಮಹಡಿಯಲ್ಲಿತ್ತು. ನಾನು ಮೈಸೂರಿನವಳು, ಮದುವೆಯಾಗಿ ಠಾಣೆಯ ವರ್ತಕ ನಗರಕ್ಕೆ ಬಂದವಳು. ಬೆಳಿಗ್ಗೆ ಬಸ್ಸಿನಲ್ಲಿ ಸ್ಟೇಷನ್, ಅಲ್ಲಿಂದ ವಾಶಿ ಕಡೆಯ ಲೋಕಲ್. ಜೋರು ಮಳೆ ಬಂದಾಗ ಇಲ್ಲಿಯ ನಾಲಾಗಳಲ್ಲಿ ನೀರು ಎಷ್ಟು ಏರುತ್ತದೆ, ದಂಡೆಯ ಗೋಡೆ ಎಷ್ಟು ಎತ್ತರ ಇರಬೇಕು ಎಂದು ಲೆಕ್ಕ ಹಾಕಿ, ಕೇಳಿದವರಿಗೆ ವರದಿ ಕೊಡುವುದು ನಮ್ಮ ಉದ್ಯೋಗ. ಐದು ಜನ ಎಂಜಿನಿಯರುಗಳಲ್ಲಿ ಹೆಂಗಸು ನಾನೊಬ್ಬಳೇ. ಅದರಿಂದ ಆದ ಲಾಭವೆಂದರೆ ಕಿಟಕಿ ಪಕ್ಕದ ಮೇಜು.

ನಾಲಾ ಎಂದರೆ ದಾರಿಹೋಕರಿಗೆ ಕಾಣುವುದು ಕಲ್ಲು, ಕೆಸರು, ಪ್ಲಾಸ್ಟಿಕ್, ಎಮ್ಮೆ. ನಮಗೆ ಅದು ಒಂದು ಗೆರೆ. ಆ ಗೆರೆಯ ಮೇಲೆ ಇಪ್ಪತ್ತೈದು ಮೀಟರಿಗೊಮ್ಮೆ ನಾಲಾದ ಅಗಲ ಮತ್ತು ತಳದ ಎತ್ತರವನ್ನು ಅಳೆಯುತ್ತಾರೆ. ಅಳೆದ ಪ್ರತಿ ಜಾಗಕ್ಕೂ ಸೆಕ್ಷನ್ ಎಂದು ಹೆಸರು, ಅದಕ್ಕೊಂದು ನಂಬರು. ಪ್ರತಿ ಸೆಕ್ಷನ್ನಿನಲ್ಲೂ ನೀರಿಗೆ ಒಂದೇ ಆಳ, ಒಂದೇ ವೇಗ. ಸುಳಿಯುವುದು, ತಿರುಗುವುದು, ಪಕ್ಕಕ್ಕೆ ಸಿಡಿಯುವುದು ಯಾವುದೂ ಇಲ್ಲ. ಇದನ್ನು ಏಕ ಆಯಾಮದ ಮಾಡೆಲ್ ಎನ್ನುತ್ತಾರೆ. ಇಷ್ಟು ಬಡ ಚಿತ್ರದಿಂದಲೂ ಬಹಳಷ್ಟು ಸಲ ಸರಿಯಾದ ಉತ್ತರ ಬರುತ್ತದೆ ಎಂಬುದು ನನಗೆ ಇವತ್ತಿಗೂ ಆಶ್ಚರ್ಯ. ಉಳಿದ ಸಲ ಲೆಕ್ಕ ನಿಂತುಬಿಡುತ್ತದೆ.

ಯಾಕೆ ನಿಲ್ಲುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಿಂತ ನೀರಿಗೆ ಕಲ್ಲು ಹಾಕಿದರೆ ಅಲೆ ಸುತ್ತಲೂ ಹರಡುತ್ತದೆ. ಬೆಟ್ಟದಿಂದ ಧುಮುಕಿ ಬರುವ ನೀರಿಗೆ ಹಾಕಿದರೆ ಅಲೆ ಮೇಲ್ಮುಖವಾಗಿ ಹೋಗಲಾರದು, ನೀರು ಅದನ್ನು ಎಳೆದುಕೊಂಡೇ ಹೋಗುತ್ತದೆ. ಬೆಟ್ಟದ ರಭಸ ಒಂದು ಕಡೆ, ಬಯಲಿನ ನಿಧಾನ ಇನ್ನೊಂದು ಕಡೆ. ನಡುವೆ ಎಲ್ಲೋ ನೀರಿನ ವೇಗವೂ ಅಲೆಯ ವೇಗವೂ ಸಮವಾಗುತ್ತವೆ. ಆ ಬಿಂದುವಿನಲ್ಲಿ ನಮ್ಮ ಸಮೀಕರಣದ ಕೆಳಗಿನ ಸಂಖ್ಯೆ ಸೊನ್ನೆಯಾಗುತ್ತದೆ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ ಎಂದು ಐದನೇ ಕ್ಲಾಸಿನಲ್ಲೇ ಕಲಿತಿರುತ್ತೇವೆ. ಗಣಿತದವರು ಅಂಥ ಬಿಂದುವನ್ನು ಸಿಂಗ್ಯುಲಾರಿಟಿ ಎನ್ನುತ್ತಾರೆ. ನೀರಿನ ಮೇಲ್ಮೈ ಅಲ್ಲಿ ಗೋಡೆಯಂತೆ ನೆಟ್ಟಗೆ ಎದ್ದು ನಿಲ್ಲುತ್ತದೆ ಎಂದು ಸಮೀಕರಣ ಹೇಳುತ್ತದೆ. ನಿಜವಾದ ನೀರು ಅಷ್ಟೆಲ್ಲ ಮಾಡುವುದಿಲ್ಲ. ನೊರೆಯೆಬ್ಬಿಸಿ ಒಂದು ಸಲ ಕುಪ್ಪಳಿಸಿ, ಆಳವಾಗಿ, ನಿಧಾನವಾಗಿ ಮುಂದೆ ಹೋಗುತ್ತದೆ. ತೊಂದರೆ ನೀರಿಗಲ್ಲ, ನಮ್ಮ ಭಾಗಾಕಾರಕ್ಕೆ.

ನನ್ನ ಮೇಲಧಿಕಾರಿ ದೇಸಾಯಿಯವರು ಧಾರವಾಡದವರು, ಡೊಂಬಿವಲಿಯಲ್ಲಿ ಮನೆ. ಬೈಗುಳದಲ್ಲಿ ಪ್ರೀತಿ ಬೆರೆಸುವ ಕಲೆ ಅವರಿಗೆ ಒಲಿದಿತ್ತು. ನಾನು ಸೇರಿದ ಹೊಸದರಲ್ಲಿ ಡೊಂಬಿವಲಿಯ ಒಂದು ಚರಂಡಿಯ ಲೆಕ್ಕ ಮಾಡಿದೆ. ಮಳೆ ನಿಂತ ಮೇಲೆ ಚರಂಡಿ ಒಣಗುವಾಗ ಆಳ ಸೊನ್ನೆಯ ಹತ್ತಿರ ಬಂತು, ಲೆಕ್ಕ ತಲೆಕೆಟ್ಟು, ನೀರಿನ ಆಳ ಮೈನಸ್ ನಾಲ್ಕು ಸೆಂಟಿಮೀಟರ್ ಎಂದು ಅಚ್ಚಾಯಿತು. ನಾನು ನೋಡದೆ ಅದನ್ನೇ ಅವರ ಮೇಜಿನ ಮೇಲಿಟ್ಟೆ.

“ಏನವಾ ಇದು? ನೀರು ಮೈನಸ್ ಅಂದ್ರ ಏನು? ಕೊಡಾ ತಗೊಂಡು ತುಂಬಾಕ ಹೋದಾಕಿ ಮನ್ಯಾಗಿನ ನೀರು ಅಲ್ಲೇ ಸುರುವಿ ಬರಬೇಕೇನು?”

ಇಡೀ ಕಚೇರಿ ನಕ್ಕಿತು. ಆಮೇಲೆ ಅವರೇ ಕರೆದು ಉಪಾಯ ಹೇಳಿಕೊಟ್ಟರು. ಒಣ ಚರಂಡಿಯಲ್ಲೂ ಒಂದು ಬೆರಳು ದಪ್ಪ ಸುಳ್ಳು ನೀರು ಇದೆ ಎಂದು ಇಟ್ಟುಬಿಡುವುದು. ಆಳ ಸೊನ್ನೆಯಾಗುವುದಿಲ್ಲ, ಲೆಕ್ಕ ನಿಲ್ಲುವುದಿಲ್ಲ. ಇಂಥ ಉಪಾಯಕ್ಕೆ ನಮ್ಮಲ್ಲಿ ತೇಪೆ ಎಂದು ಹೆಸರು. ಒಬ್ಬೊಬ್ಬರ ಬಳಿಯೂ ತಮ್ಮದೇ ತೇಪೆಗಳಿದ್ದವು, ಅಡುಗೆಮನೆಯ ಗುಟ್ಟಿನಂತೆ ಯಾರೂ ಸುಲಭಕ್ಕೆ ಬಿಟ್ಟುಕೊಡುತ್ತಿರಲಿಲ್ಲ. ಹೆಚ್ಚಿನವು ನಿರುಪದ್ರವಿ. ಯಾವುದು ಅಲ್ಲ ಎಂದು ಹೇಳಿಕೊಡುವವರು ಮಾತ್ರ ಇರಲಿಲ್ಲ.

ಕಲ್ಯಾಣದ ಬಳಿ ಒಂದು ಕಾರ್ಖಾನೆಗೆ ನೀರೆತ್ತುವ ಕೊಳವೆಯ ಕೆಲಸ ಬಂದಿತ್ತು. ಕರೆಂಟು ಹೋಗಿ ಪಂಪು ಥಟ್ಟನೆ ನಿಂತರೆ ಏನಾಗುತ್ತದೆ ಎಂಬುದು ಪ್ರಶ್ನೆ. ದಿಬ್ಬದ ಮೇಲೆ ಕೊಳವೆಯೊಳಗಿನ ಒತ್ತಡ ಪೂರ್ತಿ ಶೂನ್ಯಕ್ಕಿಂತಲೂ ಕೆಳಗೆ ಹೋಗುತ್ತದೆ ಎಂದು ಮಾಡೆಲ್ ಹೇಳಿತು. ಅಂಥದ್ದು ಲೋಕದಲ್ಲಿಲ್ಲ. ನಾನು ತೇಪೆ ಹಾಕಿ ಶೂನ್ಯಕ್ಕೆ ನಿಲ್ಲಿಸಿದೆ. ನಿಜಕ್ಕೂ ಅಲ್ಲಿ ನೀರಿನ ಕಂಬ ತುಂಡಾಗುತ್ತದೆ, ನಡುವೆ ಪೊಳ್ಳು ಹುಟ್ಟುತ್ತದೆ, ಎರಡು ತುಂಡುಗಳು ಮತ್ತೆ ಬಂದು ಢೀ ಕೊಡುತ್ತವೆ. ಪರೀಕ್ಷೆಯ ದಿನ ಹಾಗೇ ಢೀ ಕೊಟ್ಟವು. ಜೋಡಣೆಯೊಂದು ಬಿಟ್ಟುಕೊಂಡು, ಕೆಳಗೆ ಊಟಕ್ಕೆ ಕೂತಿದ್ದ ನಮ್ಮೆಲ್ಲರ ಡಬ್ಬಿಗಳೂ ತೇಲಿಹೋದವು. ದೇಸಾಯಿಯವರ ಜೋಳದ ರೊಟ್ಟಿ ಐವತ್ತು ಅಡಿ ಪ್ರಯಾಣ ಮಾಡಿತು. ಯಾರಿಗೂ ಪೆಟ್ಟಾಗಲಿಲ್ಲವಾದ್ದರಿಂದ ಅದನ್ನು ತಮಾಷೆಯೆಂದು ಬಹಳ ವರ್ಷ ಹೇಳಿಕೊಂಡು ನಕ್ಕೆವು. ಆಗಲೇ ಬುದ್ಧಿ ಕಲಿಯಬೇಕಿತ್ತು, ಕಲಿಯಲಿಲ್ಲ.

ಮುಂಬಯಿಯನ್ನೇ ಮುಳುಗಿಸಿದ ಎರಡು ಸಾವಿರದ ಐದರ ಆ ಮಳೆಯ ನಂತರ ಎಲ್ಲರಿಗೂ ನಾಲಾಗಳ ನೆನಪಾಯಿತು. ಕೆಲಸ ಮುಗಿಬಿದ್ದು ಬಂತು. ಅಳೆಯಲು ನಮಗೆ ಒಬ್ಬ ಒಳ್ಳೆಯ ಸರ್ವೆಯವರು ಬೇಕಾಗಿದ್ದರು. ಹಾಗೆ ಬಂದವರು ವಾಸಣ್ಣ.

ವಾಸಣ್ಣ ಕರಾವಳಿಯವರು, ನನಗಿಂತ ಕೆಲವು ವರ್ಷ ಹಿರಿಯರು. ಮುಂಬಯಿಗೆ ಬಂದದ್ದು ಹೋಟೆಲಿನಲ್ಲಿ ತಟ್ಟೆ ಎತ್ತಲು. ಅಲ್ಲಿ ಚಹಾಕ್ಕೆ ಬರುತ್ತಿದ್ದ ಸರ್ವೆಯವರ ಹಿಂದೆ ಬಿದ್ದು, ದೂರದರ್ಶಕದಲ್ಲಿ ಎತ್ತರ ಓದುವ ಲೆವೆಲ್ ಯಂತ್ರದ ಕೆಲಸ ಕಲಿತವರು. ಯಾವ ಡಿಗ್ರಿಯೂ ಇಲ್ಲ. ಇದ್ದದ್ದು ಹೆಸರು ಮಾತ್ರ: ವಾಸಣ್ಣ ಅಳೆದರೆ ಮತ್ತೆ ನೋಡಬೇಕಿಲ್ಲ ಎಂಬ ಹೆಸರು. ಆ ಮಾತು ಕಚೇರಿಯಿಂದ ಕಚೇರಿಗೆ ಹೋಗುತ್ತಿತ್ತು, ಅದರ ಹಿಂದೆಯೇ ಅವರಿಗೆ ಕೆಲಸ ಬರುತ್ತಿತ್ತು. ಕೋಪರಖೈರಣೆಯ ಎರಡು ಕೋಣೆಯ ಮನೆ ನಡೆಯುತ್ತಿದ್ದದ್ದು ಆ ಒಂದು ಮಾತಿನ ಮೇಲೆ.

ರಬಾಳೆಯ ಹಿಂದೆ ಬೆಟ್ಟದಿಂದ ಇಳಿದು, ಕಾರ್ಖಾನೆಗಳ ನಡುವೆ ಹಾದು, ಖಾಡಿ ಎಂಬ ಸಮುದ್ರದ ಹಿನ್ನೀರನ್ನು ಸೇರುವ ಒಂದು ನಾಲಾ ಇದೆ. ಅದರ ದಂಡೆಗೆ ಗೋಡೆ ಕಟ್ಟಲು ಎತ್ತರ ಹೇಳಬೇಕಿತ್ತು. ವಾಸಣ್ಣ ನಲವತ್ತು ಸೆಕ್ಷನ್ ಅಳೆದು ಕೊಟ್ಟರು. ನಾನು ಮಾಡೆಲ್ ಓಡಿಸಿದೆ. ಹದಿನಾಲ್ಕನೇ ಸೆಕ್ಷನ್ನಿಗೆ ಬಂದು ಲೆಕ್ಕ ನಿಂತಿತು. ಮತ್ತೆ ಓಡಿಸಿದೆ, ಮತ್ತೆ ಅಲ್ಲೇ ನಿಂತಿತು. ಅಂಕಿ ನೋಡಿದರೆ, ಆಚೀಚೆಗಿಂತ ಅಲ್ಲಿ ತಳ ಅರವತ್ತು ಸೆಂಟಿಮೀಟರ್ ಎತ್ತರ, ಅಗಲ ಹೆಚ್ಚುಕಡಿಮೆ ಅರ್ಧ. ಫೋನ್ ಮಾಡಿದೆ.

“ಅಲ್ಲಿ ಬಂಡೆ ಉಂಟು ಮೇಡಂ, ಅಡ್ಡ ಮಲಗಿದ ಹಾಗೆ. ಎಡಬದಿಯಲ್ಲಿ ಹಳೇ ಪಾಗಾರದ ಗೋಡೆ ಬೇರೆ ಒಳಗೆ ಬಂದಿದೆ,” ಎಂದರು.

“ಖಂಡಿತಾನಾ?”

ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೇನೋ. “ನಾಳೆ ಇನ್ನೊಂದು ಸಲ ನೋಡಿ ಬರ್ತೇನೆ,” ಎಂದರು. ನೋಡಿ ಬಂದರು, ಅದೇ ಅಂಕಿ ಕೊಟ್ಟರು. ಬಿಸಿಲಲ್ಲಿ ಯಾರು ಹೋಗುತ್ತಾರೆ, ಹಳೆಯದನ್ನೇ ನಕಲು ಮಾಡಿದ್ದಾರೆ ಎಂದುಕೊಂಡೆ. ಆ ಜಾಗ ನಮ್ಮ ಕಚೇರಿಯಿಂದ ಹದಿನೈದು ನಿಮಿಷದ ನಡಿಗೆ. ಮೇ ತಿಂಗಳು, ಶುಕ್ರವಾರ ವರದಿ ಕೊಡಬೇಕು. ನಾನು ಹೋಗಲಿಲ್ಲ.

ದೇಸಾಯಿಯವರನ್ನು ಕೇಳಿದೆ.

“ಒಂದ ಸೆಕ್ಷನ್ ಸಲುವಾಗಿ ಕುಂತೀಯೇನು? ತಗದು ಒಗಿ. ಹದಿಮೂರು, ಹದಿನೈದು ಕೂಡ್ಸು. ಎಲ್ಲಾರೂ ಹಂಗ ಮಾಡ್ತಾರ.”

ಅದು ನಿಜ, ಎಲ್ಲರೂ ಹಾಗೇ ಮಾಡುತ್ತಿದ್ದರು. ಹದಿನಾಲ್ಕನ್ನು ತೆಗೆದೆ. ಮಾಡೆಲ್ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಓಡಿತು. ನೀರು ತೆಳ್ಳಗೆ, ವೇಗವಾಗಿ ಇಳಿದುಹೋಗುತ್ತದೆ ಎಂದು ತೋರಿಸಿತು, ಗೋಡೆ ಒಂದೂವರೆ ಮೀಟರ್ ಸಾಕು ಎಂದು ಬಂತು. ಆದರೆ ಯಾಕೆ ತೆಗೆದಿರಿ ಎಂದು ಯಾರಾದರೂ ಕೇಳಿದರೆ? ಅದಕ್ಕೊಂದು ವಾಕ್ಯ ಬೇಕಿತ್ತು. ಬರೆದವಳು ನಾನೇ, ಯಾರೂ ಹೇಳಿಕೊಡಲಿಲ್ಲ: ಸೆಕ್ಷನ್ ಹದಿನಾಲ್ಕರ ಸರ್ವೆಯಲ್ಲಿ ದೋಷ ಇರುವ ಸಾಧ್ಯತೆಯಿಂದ ಅದನ್ನು ಕೈಬಿಡಲಾಗಿದೆ. ನನ್ನ ಭಾಗಾಕಾರ ಕೈಕೊಟ್ಟಿತ್ತು. ಆ ತಪ್ಪನ್ನು ಬಿಸಿಲಲ್ಲಿ ನಿಂತ ಮನುಷ್ಯನ ಕಣ್ಣಿನ ಮೇಲೆ ಹಾಕಿ ಮನೆಗೆ ಹೋಗಿ ಊಟ ಮಾಡಿದೆ.

ವರದಿಗಳನ್ನು ಯಾರೂ ಓದುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ಈ ವಾಕ್ಯವನ್ನು ಓದಿದರು. ವಾಸಣ್ಣನನ್ನು ಕರೆಯುತ್ತಿದ್ದ ಎರಡು ಕಚೇರಿಗಳು ಇದೇ ಕಾರಣ ಹೇಳಿ ಕರೆಯುವುದನ್ನು ನಿಲ್ಲಿಸಿದವು ಎಂದು ಎಷ್ಟೋ ಕಾಲದ ಮೇಲೆ ತಿಳಿಯಿತು. ಅವರು ನನಗೆ ಏನೂ ಹೇಳಲಿಲ್ಲ. ನಾವು ಕರೆಯುತ್ತಲೇ ಇದ್ದೆವು, ಅವರು ಬರುತ್ತಲೇ ಇದ್ದರು. ಮಾತು ಕಡಿಮೆಯಾಗಿತ್ತು, ವಯಸ್ಸು ಎಂದುಕೊಂಡೆ. ಮುಂದಿನ ವರ್ಷಗಳಲ್ಲಿ ಕಲ್ಯಾಣ, ಡೊಂಬಿವಲಿ, ಠಾಣೆಯ ನಾಲಾಗಳನ್ನೆಲ್ಲ ಅವರೇ ಅಳೆದರು. ಅವರ ಅಂಕಿ ಹಾಕಿದರೆ ಲೆಕ್ಕ ಎಲ್ಲೂ ನಿಲ್ಲುತ್ತಿರಲಿಲ್ಲ. ಒಮ್ಮೆ ನಾನೇ ಹೊಗಳಿದೆ, “ವಾಸಣ್ಣ, ಈಗೀಗ ನಿಮ್ಮ ಸರ್ವೆ ತುಂಬಾ ಚೆನ್ನಾಗಿ ಬರ್ತಿದೆ.” ಅವರು ತಲೆಯಾಡಿಸಿ ಚೀಲ ಎತ್ತಿಕೊಂಡು ಹೋದರು.

ಆ ಹೊತ್ತಿಗೆ ಹೊಸ ಸಾಫ್ಟ್‌ವೇರುಗಳೂ ಬಂದವು. ಸೊನ್ನೆ ಹತ್ತಿರ ಬಂದರೆ ಅವು ತಾವೇ ಒಳಗೊಳಗೆ ತೇಪೆ ಹಾಕಿಕೊಂಡು, ನಯವಾದ ಗೆರೆ ಎಳೆದು, ಬಣ್ಣದ ಚಿತ್ರ ಕೊಡುತ್ತವೆ. ನೀವು ಬಳಸುವುದು ಅಂಥವನ್ನೇ. ಲೆಕ್ಕ ನಿಂತದ್ದನ್ನು ನೀವು ನೋಡಿಯೇ ಇರುವುದಿಲ್ಲ. ನನಗೆ ಅದು ಹೆದರಿಕೆ. ನಿಂತರೆ ಕನಿಷ್ಠ ಯಾಕೆ ಎಂದು ಕೇಳಬಹುದು, ಎದ್ದು ಆ ಜಾಗಕ್ಕೆ ಹೋಗಬಹುದು. ಕೇಳದೆ, ಹೋಗದೆ ಇದ್ದವಳು ಹೇಳುತ್ತಿದ್ದೇನೆ.

ಗೋಡೆ ಕಟ್ಟಿ ಐದಾರು ಮಳೆಗಾಲ ಏನೂ ಆಗಲಿಲ್ಲ. ಆಮೇಲೆ ಒಂದು ಜುಲೈ ಮಧ್ಯಾಹ್ನ ಬೆಟ್ಟದ ಮೇಲೆ ಸುರಿದ ಮಳೆಗೆ ನೀರು ಮೇಲುಕ್ಕಿ ಆ ನಾಲಾದ ಗೋಡೆ ಬಿತ್ತು. ದೇಸಾಯಿಯವರಿಗೆ ಫೋನ್ ಬಂತು. ಅವರು ನನ್ನ ಮುಖ ನೋಡಿದರು. ಯಾವ ಸೆಕ್ಷನ್ ಎಂದು ಇಬ್ಬರೂ ಕೇಳಲಿಲ್ಲ.

ಕೊಡೆ ಹಿಡಿದು ಹೊರಟೆ. ಹದಿನೈದು ನಿಮಿಷವೂ ಆಗಲಿಲ್ಲ. ಮೇಲಿನಿಂದ ನೀರು ತೆಳ್ಳಗೆ, ಗಾಜಿನ ಹಾಳೆಯಂತೆ ಇಳಿದು ಬರುತ್ತಿತ್ತು. ಬಂಡೆಗೆ ಸ್ವಲ್ಪ ಮುಂಚೆ, ಒಂದೇ ಜಾಗದಲ್ಲಿ, ಬೆಳ್ಳಗಿನ ನೊರೆಯ ಸಾಲು ಅಲುಗಾಡದೆ ನಿಂತಿತ್ತು. ಅದರಾಚೆ ನೀರಿನ ಆಳ ಎರಡು ಪಟ್ಟಿಗಿಂತ ಹೆಚ್ಚು. ಹತ್ತು ವರ್ಷಕ್ಕೂ ಮಿಕ್ಕಿ ಕಾಗದದ ಮೇಲೆ ನಾನು ತೇಪೆ ಹಾಕಿದ ವಸ್ತು ಕಣ್ಣೆದುರು ನಿಂತು ಗರ್ಜಿಸುತ್ತಿತ್ತು. ಬಂಡೆ ಅಡ್ಡ ಮಲಗಿದ ಹಾಗೆಯೇ ಇತ್ತು. ಎಡಗಡೆ ಹಳೇ ಪಾಗಾರ ಒಳಗೆ ಬಂದೇ ಇತ್ತು. ನನಗೆ ನಾಚಿಕೆಯಾಯಿತು, ಮೊದಲು ನಾಚಿಕೆ, ಆಮೇಲೆ ಭಯ.

ಗೋಡೆ ಬಿದ್ದದ್ದು ಶಾಲಿನಿತಾಯಿ ಎಂಬವರ ಹಿಟ್ಟಿನ ಗಿರಣಿಯ ಮೇಲೆ. ಅವರ ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಎರಡು ವಾರದ ನಂತರ, ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕೂತಿದ್ದ ಅವರನ್ನು ಮನೆಯಲ್ಲಿ ಕಂಡೆ. ಗೋಡೆಯ ಲೆಕ್ಕ ಮಾಡಿದ ಕಚೇರಿಯಿಂದ ಬಂದೆ ಎಂದೆ. ಆ ಲೆಕ್ಕ ನನ್ನದೇ ಎಂದು ಹೇಳುವ ಧೈರ್ಯ ತಂದುಕೊಳ್ಳುವಷ್ಟರಲ್ಲಿ ಅವರೇ ಮಾತು ತೆಗೆದರು.

“ತುಮ್ಚಾಚ್ ಏಕ್ ಮಾಣೂಸ್ ಯೇತೋ. ವಾಸೂ ನಾವ್ ಆಹೇ. ಮಾಫೀ ಮಾಗತೋ ಆಣಿ ರಡತೋ. ಕಶಾಚೀ ಮಾಫೀ, ಮಲಾ ಕಾಹೀ ಕಳತ್ ನಾಹೀ.”

ನಿಮ್ಮವನೇ ಒಬ್ಬ ವಾಸು ಬರುತ್ತಾನೆ, ಕ್ಷಮಿಸಿ ಎಂದು ಅಳುತ್ತಾನೆ, ಯಾತಕ್ಕೆಂದು ನನಗೆ ತಿಳಿಯುವುದಿಲ್ಲ ಎಂದು ಆಕೆ ಹೇಳುತ್ತಿದ್ದರು. ತಪ್ಪು ಅಳೆದದ್ದು ತಾನು, ಅದರಿಂದಲೇ ಗೋಡೆ ಗಿಡ್ಡವಾಯಿತು ಎಂದು ವಾಸಣ್ಣ ನಂಬಿದ್ದರು. ನನ್ನ ವಾಕ್ಯವನ್ನು ಅವರಷ್ಟು ಪೂರ್ತಿಯಾಗಿ ಇನ್ನಾರೂ ನಂಬಿರಲಿಲ್ಲ. ಶಾಲಿನಿತಾಯಿಗೆ ಅಲ್ಲೇ ಎಲ್ಲ ಹೇಳಿದೆ. ಅವರು, ಮೊದಲು ಅವನಿಗೆ ಹೋಗಿ ಹೇಳು ಎಂದರು. ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಕಚೇರಿಗೆ ಬಂದು, ಸೆಕ್ಷನ್ ಹದಿನಾಲ್ಕು ಸರಿಯಾಗಿತ್ತು, ತಪ್ಪು ನನ್ನದು ಎಂದು ಗೋಡೆ ಕಟ್ಟಿಸಿದವರಿಗೆ ಪತ್ರ ಬರೆದು ದೇಸಾಯಿಯವರ ಮುಂದಿಟ್ಟೆ. ನಿವೃತ್ತಿಗೆ ಅವರಿಗೆ ನಾಲ್ಕು ತಿಂಗಳಿತ್ತು. ಬೈಯುತ್ತಾರೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು.

“ತಗದು ಒಗಿ ಅಂದಾಂವ ಯಾರು? ಕೆಳಗ ನನ್ನ ಹೆಸರೂ ಹಾಕು. ಮೊದಲ ಸಹಿ ನಂದು.”

ಹಾಗೆಯೇ ಆಯಿತು. ಪತ್ರ ಕಳಿಸಿದ ಮೇಲೆ ಆ ಕಡೆಯಿಂದ ನಮಗೆ ಕೆಲಸ ಬರುವುದು ನಿಂತಿತು. ಗೋಡೆಯನ್ನು ಎತ್ತರ ಮಾಡಿ ಮತ್ತೆ ಕಟ್ಟಿದರು.

ವಾಸಣ್ಣನ ಮನೆಗೆ ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ಪತ್ರದ ನಕಲು ಕೈಗೆ ಕೊಟ್ಟು, ಅದರಲ್ಲಿ ಏನಿದೆ ಎಂದು ಬಾಯಲ್ಲೂ ಹೇಳಿದೆ. ಅವರು ಕಾಗದ ಓದಲಿಲ್ಲ.

“ಹದಿನಾಲ್ಕು ಸರಿ ಇತ್ತಾ?”

“ಸರಿ ಇತ್ತು. ಎರಡು ಸಲವೂ ಸರಿ ಇತ್ತು. ನಾನು ಹೋಗಿ ನೋಡಲಿಲ್ಲ.”

ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಅವರ ಮುಖದಲ್ಲಿ ಬೇರೇನೋ ಓಡುತ್ತಿತ್ತು.

“ಹಾಗಾದ್ರೆ ಉಳಿದದ್ದಕ್ಕೆ ಎಂತ ಮಾಡುದು ಮೇಡಂ?”

“ಉಳಿದದ್ದು ಯಾವುದು?”

“ಆಮೇಲೆ ಅಳೆದದ್ದು. ನನ್ನ ಕಣ್ಣಿಗೇ ದೋಷ ಬಂತು ಅಂತ ಗ್ರಹಿಸಿದೆ. ನಿಮ್ಮ ಲೆಕ್ಕ ನಿಲ್ಬಾರ್ದಲ್ಲ. ಎಲ್ಲಿ ಅಂಕಿ ಹಾರ್ತದೋ, ಅಲ್ಲಿ ಆಚೀಚೆ ನೋಡಿ ನಾನೇ ಸ್ವಲ್ಪ ಸಮ ಮಾಡಿ ಬರೀತಿದ್ದೆ.”

ಎಷ್ಟು ನಾಲಾ ಎಂದು ಕೇಳಿದೆ. ಅವರು ನೆನಪಿಸಿಕೊಂಡು ಒಂದೊಂದಾಗಿ ಹೆಸರು ಹೇಳಿದರು. ಏಳು. ಏಳರ ದಂಡೆಯಲ್ಲೂ ಗೋಡೆಗಳು ಎದ್ದಿದ್ದವು, ಗೋಡೆಗಳ ಹಿಂದೆ ಜನ ಇದ್ದರು. ಒಂದೊಂದು ವರದಿಯಲ್ಲೂ ಲೆಕ್ಕ ಸುಗಮವಾಗಿ ನಡೆಯಿತು ಎಂದು ನಾನು ಹೆಮ್ಮೆಯಿಂದ ಬರೆದಿದ್ದೆ.

ಏಳನ್ನೂ ಮತ್ತೆ ಅಳೆಯಲು ಹೊರಟೆವು. ಮಳೆಗಾಲ ಮುಗಿದ ಮೇಲೆ, ಡೊಂಬಿವಲಿಯ ಪೂರ್ವಕ್ಕಿರುವ ನಾಲಾದಿಂದ ಶುರು. ವಾಸಣ್ಣ ದಂಡೆಯ ಮೇಲೆ ಲೆವೆಲ್ ಹಿಡಿದರು. ಅಂಕಿ ಗುರುತಿಸಿದ ಉದ್ದದ ಪಟ್ಟಿಯನ್ನು ಹಿಡಿದು ನಾನು ಕೆಸರಿಗೆ ಇಳಿದೆ, ಯಾಕೆಂದರೆ ಈ ಸಲ ಪ್ರತಿ ಸೆಕ್ಷನ್ನಿನಲ್ಲೂ ನಾನು ನಿಂತು ನೋಡಬೇಕಿತ್ತು. ಮೊದಲ ಎಂಟು ಸಲೀಸಾಗಿ ಆದವು. ಒಂಬತ್ತನೆಯದರಲ್ಲಿ ಅವರು ದೂರದರ್ಶಕದಲ್ಲಿ ನೋಡಿದರು, ಮುಖ ಈಚೆ ತೆಗೆದು ಕಣ್ಣು ಒರೆಸಿಕೊಂಡರು, ಮತ್ತೆ ನೋಡಿದರು. ನನ್ನ ಕಾಲಡಿಯಲ್ಲಿ ಹಳೆಯ ಕಾಂಕ್ರೀಟಿನ ದಿಬ್ಬವೊಂದು ಗಟ್ಟಿಯಾಗಿ ತಗಲುತ್ತಿತ್ತು. ಅವರು ಯಂತ್ರ ಬಿಟ್ಟು ದಂಡೆಯ ಅಂಚಿನವರೆಗೆ ಇಳಿದು ಬಂದರು, ಪೆನ್ನು ಕೈಯಲ್ಲೇ ಇತ್ತು.

“ಮೇಡಂ, ಇಲ್ಲಿ ತಳ ಅರ್ಧ ಮೀಟರು ಮೇಲೆ ಬರ್ತದೆ. ಆಚೀಚೆಗೆ ಹೊಂದುದಿಲ್ಲ. ನಿಮ್ಮ ಲೆಕ್ಕ ನಿಲ್ತದೆ. ಕಂಡದ್ದನ್ನೇ ಬರೀಬಹುದಾ?”

ಮೂವತ್ತು ವರ್ಷ ಆ ಯಂತ್ರ ಹಿಡಿದ ಮನುಷ್ಯ, ಕಣ್ಣಿಗೆ ಕಂಡದ್ದನ್ನು ಬರೆಯಲು ನನ್ನ ಅಪ್ಪಣೆ ಕೇಳುತ್ತಿದ್ದರು. ಬರೀರಿ ಎಂದೆ. ತಲೆ ತಗ್ಗಿಸಿ, ಕೆಸರು ನೋಡುತ್ತಾ ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ಅವರು ಪೆನ್ನು ಹಿಡಿದುಕೊಂಡು ಕಾಯುತ್ತಲೇ ನಿಂತಿದ್ದರು.